ಶ್ರೀರಂಗಪಟ್ಟಣದ ಸೆರೆಯಾಳು, ಡಫ್ ಹಡಗಿನ ಕಪ್ತಾನ

ಸುರೇಬಾನದ ಕಡೆಯವರಾದ ನಮಗೆ ಸಮುದ್ರವೆಂಬುದು ಭೂಗೋಳದ ಪಟದೊಳಗಿನ ನೀಲಿಬಣ್ಣವಷ್ಟೇ. ನಾವು ಬಲ್ಲ ನೀರು ಮಲಪ್ರಭೆಯದು. ಆದಕಾರಣ ಒಬ್ಬ ನಾವಿಕರ ಚರಿತ್ರೆಯನ್ನು ಈ ಸ್ಮರಣಸಂಚಿಕೆಗೆ ಬರೆಯಹೊರಟಾಗ, ಇದಕ್ಕೂ ನಮ್ಮ ನಾಡಿಗೂ ಏನು ಸಂಬಂಧವೆಂಬ ಸಂದೇಹವು ಮೊದಲು ನಮಗೇ ಬಂದಿತು. ಸಂಬಂಧವುಂಟು. ಶ್ರೀರಂಗಪಟ್ಟಣವನ್ನು ನೋಡಿಬಂದ ಹಳೆಯ ವಿದ್ಯಾರ್ಥಿನಿಯರಿಗೆ ಕಾವೇರಿಯ ದಂಡೆಯಲ್ಲಿ ಕರ್ನಲ್ ಬೇಯ್ಲಿಯ ಹೆಸರಿನಿಂದ ಕರೆಯಲ್ಪಡುವ ಸೆರೆಮನೆಯ ನೆನಪಿರಬಹುದು. ಅದೇ ಕೋಟೆಯೂರಿನಲ್ಲಿ, ಅದೇ ಯುದ್ಧದ ಕಾಲದಲ್ಲಿ, ಇಪ್ಪತ್ತೆರಡು ತಿಂಗಳು ಸರಪಳಿಯಲ್ಲಿದ್ದ ಜೇಮ್ಸ್ ವಿಲ್ಸನ್ ಎಂಬವರ ಜೀವನವೇ ಈ ಪಾಠದ ವಿಷಯವು.

ವಿಲ್ಸನ್ನರು ೧೭೬೦ರಲ್ಲಿ ಇಂಗ್ಲೆಂಡಿನಲ್ಲಿ ಒಬ್ಬ ಹಡಗಿನ ಕಪ್ತಾನನ ಹತ್ತೊಂಬತ್ತು ಮಕ್ಕಳಲ್ಲಿ ಕಡೆಯವರಾಗಿ ಹುಟ್ಟಿದರು. ಚಿಕ್ಕಂದಿನಲ್ಲಿಯೇ ಹಡಗು ಹತ್ತಿದರು. ಅಮೇರಿಕದ ಯುದ್ಧದಲ್ಲಿ ಸಿಪಾಯಿಯಾಗಿ ಕಾದಾಡಿದರು. ಬಳಿಕ ಹಿಂದುಸ್ಥಾನಕ್ಕೆ ಬಂದು, ಎರಡನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ದಂಡಿಗೆ ಹಡಗಿನ ಮೂಲಕ ಸಾಮಗ್ರಿಗಳನ್ನು ಮುಟ್ಟಿಸುತ್ತಿದ್ದರು. ಹೀಗಿರಲು ಫ್ರೆಂಚರ ಕೈಗೆ ಸಿಕ್ಕಿ ಕೂಡಲೂರಿನಲ್ಲಿ ಬಂದಿಯಾದರು. ಅಲ್ಲಿಯ ಬಂದಿಗಳನ್ನು ಹೈದರಾಲಿಗೆ ಒಪ್ಪಿಸುವರೆಂಬ ಸುದ್ದಿಯು ಕಿವಿಗೆ ಬಿದ್ದ ರಾತ್ರಿ ಇವರು ಸೆರೆಮನೆಯ ಎತ್ತರವಾದ ಗೋಡೆಯಿಂದ ಧುಮುಕಿ, ಡೇನರ ಊರಾದ ತರಂಗಂಬಾಡಿಯನ್ನು ಸೇರುವ ಆಸೆಯಿಂದ ದಕ್ಷಿಣಕ್ಕೆ ಓಡಿದರು. ದಾರಿಯಲ್ಲಿ ಕೊಳ್ಳಿಡಂ ನದಿಯು ಅಡ್ಡವಾಯಿತು. ೨೦೧೯ರ ಮಳೆಗಾಲದಲ್ಲಿ ರಾಮದುರ್ಗದೊಳಕ್ಕೆ ನುಗ್ಗಿದ ಮಲಪ್ರಭೆಯ ಮಹಾಪೂರವನ್ನು ಕಂಡವರಿಗೆ ಹೊಳೆಯ ಅಂಜಿಕೆ ಎಂಥದೆಂದು ಹೇಳಬೇಕಾಗಿಲ್ಲ. ಕೊಳ್ಳಿಡಂ ನದಿಯಲ್ಲಿ ಅದಕ್ಕೆ ಕೂಡ ಮೊಸಳೆಗಳಿದ್ದವು. ವಿಲ್ಸನ್ನರು ಈಜಿ ದಾಟಿದರು. ಆದರೂ ಆಚೆಯಲ್ಲಿ ಹೈದರನ ಕುದುರೆಸವಾರರ ಕೈಗೆ ಸಿಕ್ಕಿದರು. ಮೊಸಳೆಗಳ ಹೊಳೆಯನ್ನು ಮನುಷ್ಯನು ಈಜಿ ಬಂದನೆಂದರೆ ಹಿಡಿದವರು ಮೊದಲು ನಂಬಲಿಲ್ಲವಂತೆ.

ಅಲ್ಲಿಂದ ಬರಿಗಾಲಲ್ಲಿ, ಬರಿಮೈಯಲ್ಲಿ, ಮತ್ತೊಬ್ಬ ಸೆರೆಯಾಳಿನ ಸಂಗಡ ಸರಪಳಿಯಿಂದ ಕಟ್ಟಲ್ಪಟ್ಟು ಶ್ರೀರಂಗಪಟ್ಟಣಕ್ಕೆ ನಡೆಯಬೇಕಾಯಿತು. ಸೆರೆಮನೆಯ ವರ್ಣನೆಯನ್ನು ನಾವು ದೀರ್ಘಮಾಡುವುದಿಲ್ಲ. ಅವರ ಚರಿತ್ರೆಯನ್ನು ಬರೆದ ಜಾನ್ ಗ್ರಿಫಿನ್ ಪಾದ್ರಿಗಳ ಲೆಕ್ಕದಂತೆ ಅವರೊಡನಿದ್ದ ೧೫೩ ಮಂದಿಯಲ್ಲಿ ಜೀವಸಹಿತ ಹೊರಗೆ ಬಂದವರು ೩೨ ಜನ ಮಾತ್ರ. ರಾತ್ರಿ ಜೊತೆಗಾರನು ಸತ್ತರೆ ಬೆಳಗಿನವರೆಗೂ ಹೆಣದ ಸಂಗಡಲೇ ಮಲಗಿರಬೇಕಾಗುತ್ತಿತ್ತು. ೧೭೮೪ರಲ್ಲಿ ಮಂಗಳೂರಿನ ಒಡಂಬಡಿಕೆಯಿಂದ ಯುದ್ಧವು ಮುಗಿಯಿತು, ಉಳಿದವರಿಗೆ ಬಿಡುಗಡೆಯಾಯಿತು. ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಕಾಲದ ಇಂಗ್ಲಿಷ್ ಪುಸ್ತಕಗಳು ಈ ಕಥೆಯನ್ನು ಹೈದರ್ ಟೀಪುಗಳ ಕ್ರೌರ್ಯಕ್ಕೆ ಸಾಕ್ಷಿಯಾಗಿ ಹೇಳುತ್ತವೆ. ಕನ್ನಡ ನಾಡಿನವರಾದ ನಾವು ಓದುವಾಗ, ಪರದೇಶದ ಒಂದು ಕಂಪನಿಯು ದಂಡು ಕಟ್ಟಿಕೊಂಡು ಇಲ್ಲಿಗೆ ಬಂದದ್ದೇಕೆ ಎಂಬುದನ್ನೂ ಕೇಳಿಕೊಳ್ಳಬೇಕು. ಹಾಗೆ ಕೇಳಿದರೂ ಆ ಸರಪಳಿಯ ಭಾರವು ಕಡಿಮೆಯಾಗುವುದಿಲ್ಲ.

ಇಷ್ಟು ಕಷ್ಟವನ್ನು ಅನುಭವಿಸಿ ಬದುಕಿದವನು ಆ ಕೂಡಲೇ ದೇವಭಕ್ತನಾದನೆಂದು ನೀವು ಊಹಿಸುತ್ತಿರಬಹುದು. ಹಾಗಾಗಲಿಲ್ಲ, ನಮ್ಮ ಮಟ್ಟಿಗೆ ಈ ಚರಿತ್ರೆಯ ಸಾರವೆಲ್ಲ ಇಲ್ಲಿಯೇ ಇದೆ. ಹೊಳೆಯಿಂದ ಪಾರಾಗಿ, ಸೆರೆಯಿಂದ ಪಾರಾಗಿ, ವ್ಯಾಪಾರದಲ್ಲಿ ಹಣ ಗಳಿಸಿದ ವಿಲ್ಸನ್ನರು ಸತ್ಯವೇದವನ್ನು ನಂಬದ ಪಕ್ಕಾ ನಾಸ್ತಿಕರಾಗಿಯೇ ಸ್ವದೇಶಕ್ಕೆ ಹೊರಟರು. ಅದೇ ಹಡಗಿನಲ್ಲಿದ್ದ ಜಾನ್ ಥಾಮಸ್ ಎಂಬ ಮಿಶನರಿಗಳು (ಇವರೇ ಮುಂದೆ ವಿಲಿಯಂ ಕೇರಿಯವರ ಜೊತೆಗಾರರು) ಇವರ ಸಂಗಡ ವಾದಿಸಿ ಸೋತು, ಈ ಕಪ್ತಾನನಿಗಿಂತ ಹಡಗಿನ ಲಸ್ಕರರ ಮನಸ್ಸನ್ನು ತಿರುಗಿಸುವುದೇ ಸುಲಭವೆಂದರಂತೆ.

ವಾದದಿಂದಾಗದ ಕೆಲಸವು ಮನೆಯಲ್ಲಿ ಆಯಿತು. ಪೋರ್ಟ್ಸ್‌ಮತ್ತಿಗೆ ಸಮೀಪವಾದ ಹಾರ್ನ್‌ಡೀನ್ ಎಂಬ ಹಳ್ಳಿಯಲ್ಲಿ ಅವರು ಮನೆ ಮಾಡಿದಾಗ ಅವರ ಸೋದರಸೊಸೆಯೊಬ್ಬಳು ಮನೆವಾರ್ತೆಯನ್ನು ನೋಡಿಕೊಳ್ಳುತ್ತಿದ್ದಳು. ಅವಳು ದೇವಭಕ್ತೆ. ಮಾವನೊಡನೆ ತರ್ಕಕ್ಕೆ ನಿಲ್ಲುವವಳಲ್ಲ. ತನ್ನ ನಡತೆಯನ್ನು ಮಾತ್ರ ಬಿಡದವಳು. ಗ್ರಿಫಿನ್ ಪಾದ್ರಿಗಳ ಪರಿಚಯವು ಈ ಕಾಲದಲ್ಲಿಯೇ ಆಯಿತು. ಅವರು ಮತ್ತೊಬ್ಬ ಕಪ್ತಾನನ ಸಂಗಡ ಧರ್ಮವಿಷಯವಾಗಿ ಬಹಳ ಹೊತ್ತು ಮಾತಾಡಿದ್ದನ್ನು ವಿಲ್ಸನ್ನರು ಒಮ್ಮೆ ಸುಮ್ಮನೆ ಕುಳಿತು ಕೇಳಿದರು. ಕೇಳಿದ್ದು ಮನಸ್ಸಿನಲ್ಲಿ ನಿಂತಿತು. ಎಷ್ಟೋ ತಿಂಗಳ ಹೋರಾಟದ ತರುವಾಯ ಅವರು ಸಭೆಯಲ್ಲಿ ಸೇರಿದರು. ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಾದ್ದರಿಂದ ಆ ಸೋದರಸೊಸೆಯ ಮಾತನ್ನು ಸ್ವಲ್ಪ ಹೆಚ್ಚಾಗಿಯೇ ಹೇಳಿದ್ದೇವೆ. ದೊಡ್ಡ ಪುಸ್ತಕಗಳಲ್ಲಿ ಇಂಥವರಿಗೆ ಎರಡು ಸಾಲು ಸಿಕ್ಕಿದರೆ ಹೆಚ್ಚು.

೧೭೯೫ರಲ್ಲಿ ಲಂಡನ್ ಮಿಶನರಿ ಸಂಘವು ಸ್ಥಾಪಿತವಾಗಿ ದಕ್ಷಿಣ ಸಮುದ್ರದ ದ್ವೀಪಗಳಿಗೆ ಜನರನ್ನು ಕಳುಹಿಸಲು ನಿಶ್ಚಯಿಸಿತು. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ವಿಲ್ಸನ್ನರು, ಸಂಬಳವಿಲ್ಲದೆ ಹಡಗನ್ನು ನಡಿಸಿಕೊಡುವೆನೆಂದು ಮುಂದೆ ಬಂದರು. ಸುಖವಾಗಿ ಮನೆಯಲ್ಲಿರಬಹುದಾಗಿದ್ದ ಮನುಷ್ಯರು! ಡಫ್ ಎಂಬ ಆ ಹಡಗು ೧೭೯೬ನೆಯ ಆಗಸ್ಟ್ ೧೦ರಂದು ಲಂಡನ್ನಿನಿಂದ ಹೊರಟಿತು. ಅದರಲ್ಲಿ ಮೂವತ್ತು ಮಂದಿ ಮಿಶನರಿಗಳು, ಆರು ಮಂದಿ ಹೆಂಗಸರು, ಮೂರು ಮಕ್ಕಳು. ಮೂವತ್ತರಲ್ಲಿ ದೀಕ್ಷೆ ಪಡೆದ ಪಾದ್ರಿಗಳು ನಾಲ್ವರೇ. ಮಿಕ್ಕವರಲ್ಲಿ ಬಡಿಗರು, ಗೌಂಡಿಗಳು, ಕಮ್ಮಾರರು, ಸಿಂಪಿಗರು ಇದ್ದರು, ನೇಕಾರರೂ ಇದ್ದರು. ಮಗ್ಗದ ಸಪ್ಪಳ ಕೇಳುತ್ತ ಬೆಳೆದ ಸುರೇಬಾನದ ಮಕ್ಕಳಿಗೆ ಪಾಠದ ಈ ಭಾಗವು ಬಹಳ ಹಿಡಿಸುತ್ತದೆ.

ಕೇಪ್ ಹಾರ್ನಿನ ದಾರಿಯಲ್ಲಿ ಬಿರುಗಾಳಿಯೆದ್ದದ್ದರಿಂದ ಕಪ್ತಾನರು ಹಡಗನ್ನು ಪೂರ್ವಕ್ಕೆ ತಿರುಗಿಸಿ, ಮೂರು ತಿಂಗಳಿಗೂ ಹೆಚ್ಚು ಕಾಲ ನೆಲದ ಗುರುತನ್ನೇ ಕಾಣದೆ ನಡಿಸಿಕೊಂಡು ಹೋದರು. ೧೭೯೭ರ ಮಾರ್ಚ್ ತಿಂಗಳ ಮೊದಲಲ್ಲಿ ಟಹೀಟಿ ದ್ವೀಪವು ಸಿಕ್ಕಿತು. ಅಲ್ಲಿ ಕೆಲವರನ್ನೂ, ಟೊಂಗದಲ್ಲಿ ಕೆಲವರನ್ನೂ ಇಳಿಸಿ, ೧೭೯೮ರಲ್ಲಿ ಇಂಗ್ಲೆಂಡಿಗೆ ಹಿಂದಿರುಗಿದರು. ಒಮ್ಮೆ ಸರಪಳಿಯಲ್ಲಿ ಎಳೆಯಲ್ಪಟ್ಟವರು ಈಗ ಹೆಂಗಸರನ್ನೂ ಎಳೆಯ ಮಕ್ಕಳನ್ನೂ ಭೂಮಿಯ ಆಚೆಯ ಬದಿಗೆ ಸುರಕ್ಷಿತವಾಗಿ ಮುಟ್ಟಿಸಿದರು.

ಆ ಬಳಿಕ ಅವರು ಮನೆಯವರಾದರು. ನಲವತ್ತರ ಹತ್ತಿರದ ವಯಸ್ಸಿನಲ್ಲಿ ಮದುವೆಯಾಗಿ ಮಕ್ಕಳನ್ನು ಪಡೆದರು. ಡಫ್ ಹಡಗಿನ ಎರಡನೆಯ ಯಾನವನ್ನು ಬೇರೊಬ್ಬ ಕಪ್ತಾನರು ನಡಿಸಿದರು; ೧೭೯೯ರಲ್ಲಿ ಅದು ಫ್ರೆಂಚರ ಪಾಲಾಯಿತು. ಅದೇ ವರುಷ ಟೊಂಗದಲ್ಲಿ ಮೂವರು ಮಿಶನರಿಗಳು ಕೊಲ್ಲಲ್ಪಟ್ಟರು. ಟಹೀಟಿಯಲ್ಲಿಯೂ ಹಲವರು ಅದಕ್ಕೆ ಮೊದಲೇ ದ್ವೀಪವನ್ನು ಬಿಟ್ಟಿದ್ದರು. ತಾವು ಇಳಿಸಿಬಂದವರ ಇಂಥ ವರ್ತಮಾನಗಳನ್ನು ಬೆಂಕಿಯ ಒಲೆಯ ಬದಿಯಲ್ಲಿ, ಮಕ್ಕಳ ನಡುವೆ ಕುಳಿತು ಓದಬೇಕಾಗಿ ಬಂದದ್ದು, ಸೆರೆಗಿಂತ ಕಡಿಮೆಯಾದ ಶೋಧನೆಯಲ್ಲವೆಂದು ನಮಗೆ ತೋರುತ್ತದೆ.

ಅವರು ೧೮೧೪ರ ಆಗಸ್ಟಿನಲ್ಲಿ ತೀರಿಕೊಂಡರು. ಅಷ್ಟರಲ್ಲಿ ಅದೇ ಸಂಘದ ಜಾನ್ ಹ್ಯಾಂಡ್ಸರು ೧೮೧೦ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಸತ್ಯವೇದದ ಭಾಷಾಂತರಕ್ಕೆ ಕೈಹಚ್ಚಿದ್ದರು. ಬಳ್ಳಾರಿಯಿಂದ ಜೋಸೆಫ್ ಟೇಲರರು ೧೮೨೦ರಲ್ಲಿ ನಮ್ಮ ಬೆಳಗಾಂವಿಗೆ ಬಂದು ಕೆಲಸವನ್ನಾರಂಭಿಸಿದರು. ಅದು ೧೯೦೪ರಲ್ಲಿ ಮೆಥೊಡಿಸ್ಟ್ ಸಭೆಯವರ ಕೈಸೇರಿತು. ಟಹೀಟಿಯ ಅರಸನಾದ ಎರಡನೆಯ ಪೊಮಾರೆಯು ದೀಕ್ಷಾಸ್ನಾನ ಹೊಂದಿದ್ದು ೧೮೧೯ರಲ್ಲಿ, ಕಪ್ತಾನರು ಹೋಗಿ ಐದು ವರುಷಗಳಾದ ಮೇಲೆ.