ಕತ್ತಿಯ ಮೇಲಿನ ತಾಮ್ರ

ನಮ್ಮ ಜಿಲ್ಲೆಯ ಅಡಿಕೆ ತೋಟಗಳಲ್ಲಿ ಕೊಳೆರೋಗವನ್ನು ತಡೆಯಲು ಮಳೆಗಾಲಕ್ಕೆ ಮೊದಲೇ ಬೋರ್ಡೋ ಮದ್ದು ಬಿಡುವುದುಂಟು. ಫ್ರಾನ್ಸಿನ ದ್ರಾಕ್ಷಿ ತೋಟಗಳಿಗಾಗಿ 1885ರಲ್ಲಿ ಮಿಲಾರ್ಡೆ ಎಂಬ ವಿಜ್ಞಾನಿ ಪ್ರಕಟಿಸಿದ ಈ ಮದ್ದನ್ನು ಮೈಸೂರು ಸೀಮೆಯ ಅಡಿಕೆಗೆ ಬಳಕೆಗೆ ತಂದವರು ಲೆಸ್ಲಿ ಕೋಲ್ಮನ್. ಶೇಕಡಾ 1ರ ಮದ್ದಿಗೆ 100 ಲೀಟರು ನೀರು, 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಬೇಕು.

ಮದ್ದು ಹದವಾಯಿತೇ ಎಂದು ತಿಳಿಯಲು ಕೃಷಿಕರು ಉಜ್ಜಿದ ಕಬ್ಬಿಣದ ಕತ್ತಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದುತ್ತಾರೆ. ಅಲಗು ಕೆಂಪಾದರೆ ಇನ್ನಷ್ಟು ಸುಣ್ಣ ಬೇಕು. ಈ ಪರೀಕ್ಷೆಯ ಒಳಗುಟ್ಟನ್ನು ವಿವರಿಸಲು ನಾನಿಲ್ಲಿ ಯತ್ನಿಸುವೆನು.

ಆ ಕೆಂಪು ತುಕ್ಕಲ್ಲ, ತಾಮ್ರ. ಕಬ್ಬಿಣವು ತಾಮ್ರಕ್ಕಿಂತ ಚುರುಕಾದ ಲೋಹ. ತಾನು ಕರಗಿ, ಕರಗಿದ್ದ ತಾಮ್ರವನ್ನು ಹೊರದೂಡುತ್ತದೆ. ಇದೇ ಸ್ಥಾನಪಲ್ಲಟ ಕ್ರಿಯೆ. ತಾಮ್ರದ ನೈಟ್ರೇಟಿನ ದ್ರಾವಣದಲ್ಲಿ ಮೊಳೆಯಿಟ್ಟರೂ ಹೀಗೆಯೇ ಆಗುವುದು. ಆದರೆ ಬೆಳ್ಳಿಯ ನೈಟ್ರೇಟಿನಲ್ಲಿ ತಾಮ್ರದ ತಂತಿಯಿಟ್ಟರೆ ತಾಮ್ರವೇ ಕರಗುತ್ತದೆ, ಬೆಳ್ಳಿ ಹೊರಬೀಳುತ್ತದೆ. ತಾಮ್ರದ ನೈಟ್ರೇಟು ಉಂಟಾಗಿ ದ್ರಾವಣ ನೀಲಿಯಾಗುತ್ತದೆ. ಸತು, ಕಬ್ಬಿಣ, ತಾಮ್ರ, ಬೆಳ್ಳಿ: ಈ ಸಾಲಿನಲ್ಲಿ ಮುಂಚೆ ಬರುವ ಲೋಹ ತನ್ನ ನಂತರದ್ದನ್ನು ಹೊರದೂಡಬಲ್ಲುದು.

ಸುಣ್ಣ ಸಾಕಷ್ಟಿದ್ದರೆ ತಾಮ್ರವು ನೀರಿನಲ್ಲಿ ಕರಗದ ನೀಲಿ ಕಣಗಳಾಗುತ್ತದೆ. ಆಗ ಅಲಗು ಹಾಗೆಯೇ ಉಳಿಯುತ್ತದೆ. ಸುಣ್ಣ ಸಾಲದಿದ್ದರೆ ಕರಗಿಯೇ ಉಳಿದ ತಾಮ್ರ ಎಳೆಗಾಯಿಗಳನ್ನು ಸುಡುತ್ತದೆ. ಗಾಳಿಗೆ ಬಿದ್ದು ಹಳತಾದ ಸುಣ್ಣದ ಸತ್ವ ಕುಂದಿರುವುದರಿಂದ ತೂಕವೊಂದನ್ನೇ ನಂಬಲಾಗದು. ಮೈಲುತುತ್ತನ್ನು ಕಬ್ಬಿಣದ ಪಾತ್ರೆಯಲ್ಲಿ ಕದಡಬಾರದೆಂಬುದಕ್ಕೂ ಕಾರಣ ಇದೇ: ಪಾತ್ರೆ ಸವೆಯುತ್ತದೆ, ತಾಮ್ರ ಪಾತ್ರೆಗೇ ಅಂಟುತ್ತದೆ.

ವರುಷದ ಫಸಲು ಈ ಮದ್ದನ್ನು ನಂಬಿ ನಿಂತಿರುವಾಗ, ಕ್ಷಣಕಾಲದ ಈ ಪರೀಕ್ಷೆಯನ್ನು ಯಾರೂ ಬಿಡಬಾರದೆಂದು ನನ್ನ ಅಭಿಪ್ರಾಯ.