ಸಾದೃಶ್ಯ ಮತ್ತು ಭಾವ: ಹೊಸ ಭಾವಚಿತ್ರಗಳನ್ನು ನೋಡುವ ಬಗೆ

ಚಿತ್ರಪ್ರದರ್ಶನಕ್ಕೆ ಹೋದ ವಿದ್ಯಾರ್ಥಿಯು ಭಾವಚಿತ್ರವೊಂದರ ಮುಂದೆ ನಿಂತೊಡನೆ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಇದು ಯಾರ ಚಿತ್ರ, ಅವರ ಹಾಗೆಯೇ ಇದೆಯೆ? ಮುಖವಿರಬೇಕಾದಲ್ಲಿ ಹಣ್ಣುಗಳ ರಾಶಿಯೋ ಕಂಪ್ಯೂಟರಿನಲ್ಲಿ ಕದಡಿಹೋದ ಬಣ್ಣವೋ ಕಂಡರೆ ಉತ್ತರ ದೊರೆಯದೆ ಮುಂದಕ್ಕೆ ಸಾಗುತ್ತಾನೆ. ಅತಿವಾಸ್ತವ ಶೈಲಿಯ ಡಿಜಿಟಲ್ ಕಲೆಯೂ ರೂಢಿ ಮೀರಿದ ಭಾವಚಿತ್ರಗಳೂ ಒಂದೇ ಗ್ಯಾಲರಿಯಲ್ಲಿ ಕಾಣಸಿಗುವ ಈ ಕಾಲದಲ್ಲಿ ಆ ಪ್ರಶ್ನೆಯನ್ನೇ ಪರಿಶೀಲಿಸಬೇಕಾಗಿದೆ. ಅದಕ್ಕೆ ಬೇಕಾದ ಪರಿಭಾಷೆಯನ್ನು ಹೊರಗೆಲ್ಲೋ ಹುಡುಕಬೇಕಾಗಿಲ್ಲ.

ವ್ಯಕ್ತಿಯ ಚಿತ್ರಕ್ಕೆ ಕನ್ನಡದಲ್ಲಿ ನಿಂತ ಹೆಸರು ‘ಭಾವಚಿತ್ರ’. (ಯಾವ ಭಾವವನ್ನೂ ತೋರಗೊಡದೆ ತೆಗೆದ ಫೋಟೋವನ್ನೂ ಅರ್ಜಿಯ ನಮೂನೆಗಳು ಹಾಗೆಯೇ ಕರೆಯುತ್ತವೆ.) 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಚಿತ್ರಗಳನ್ನು ವಿಂಗಡಿಸುವ ರೀತಿ ಇಲ್ಲಿ ಗಮನಾರ್ಹ. ಕನ್ನಡಿಯ ಪ್ರತಿಬಿಂಬದಂತೆ ಸಾದೃಶ್ಯವುಳ್ಳದ್ದು ‘ವಿದ್ಧ’; ಥಟ್ಟನೆ ಹೊಳೆದುದನ್ನು ಆಕಾರಮಾತ್ರವಾಗಿ ಬರೆದದ್ದು ‘ಅವಿದ್ಧ’; ನೋಡಿದೊಡನೆ ಶೃಂಗಾರಾದಿ ರಸಗಳು ತಿಳಿದುಬರುವಂಥದು ‘ಭಾವಚಿತ್ರ’. ಇಂದಿನ ಕನ್ನಡವು ಭಾವಚಿತ್ರವೆನ್ನುವ ಬಹಳಷ್ಟನ್ನು ಸೋಮೇಶ್ವರನು ವಿದ್ಧವೆಂದೇ ಕರೆದಾನು! ಕಾಮಸೂತ್ರಕ್ಕೆ ಯಶೋಧರನು ಬರೆದ ‘ಜಯಮಂಗಲಾ’ ವ್ಯಾಖ್ಯಾನವು ಹೇಳುವ ಚಿತ್ರದ ಆರು ಅಂಗಗಳಲ್ಲಿಯೂ ಭಾವ ಬೇರೆ, ಸಾದೃಶ್ಯ ಬೇರೆ.

ಈ ಭೇದವನ್ನು ಹಿಡಿದು ಹೊರಟರೆ ಪಾಶ್ಚಾತ್ಯ ಚಿತ್ರಗಳೂ ಅಷ್ಟು ಅಪರಿಚಿತವೆನಿಸವು. ಇಟಲಿಯ ಆರ್ಚಿಂಬೋಲ್ದೊ 1590ರ ಸುಮಾರಿಗೆ ಚಕ್ರವರ್ತಿ ಎರಡನೆಯ ರುಡಾಲ್ಫನನ್ನು ಹಣ್ಣು, ತರಕಾರಿ, ಹೂಗಳಿಂದಲೇ ರೂಪಿಸಿದನು. ಮೂಗಿಗೆ ಪೇರುಹಣ್ಣು, ಕೆನ್ನೆಗೆ ಸೇಬು. ಋತುಗಳ ದೇವತೆ ವರ್ಟುಮ್ನಸನ ವೇಷದಲ್ಲಿ ದೊರೆಯನ್ನು ಸಮೃದ್ಧಿಯೆಂದೇ ಕಾಣಿಸಿದ ಸ್ತುತಿ ಅದು. 1936ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯವು ಅತಿವಾಸ್ತವವಾದದ ದೊಡ್ಡ ಪ್ರದರ್ಶನವನ್ನು ಏರ್ಪಡಿಸಿದಾಗ ಈ ಹಳೆಯ ಕಲಾವಿದನಿಗೂ ಅದರಲ್ಲಿ ಸ್ಥಾನ ದೊರೆಯಿತು.

ಪಿಕಾಸೊ 1905–06ರಲ್ಲಿ ಬರೆದ ಲೇಖಕಿ ಗರ್ಟ್ರೂಡ್ ಸ್ಟೈನಳ ಚಿತ್ರ ಇನ್ನೂ ಹೆಚ್ಚಿನದನ್ನು ಕಲಿಸುತ್ತದೆ. ಆಕೆ ಸುಮಾರು 80–90 ಬಾರಿ ಅವನೆದುರು ಕುಳಿತಳೆಂದು ಪ್ರತೀತಿ. ಕಡೆಗೆ ಅವನು ಮುಖವನ್ನೇ ಅಳಿಸಿ ಸ್ಪೇನಿಗೆ ಹೊರಟುಹೋದನು. ಮರಳಿ ಬಂದಮೇಲೆ ಆಕೆ ಎದುರಿಗಿಲ್ಲದೆಯೇ, ಪುರಾತನ ಐಬೀರಿಯನ್ ಶಿಲ್ಪಗಳ ನೆನಪಿನಲ್ಲಿ, ಮುಖವಾಡದಂತಹ ಮುಖವನ್ನು ಬರೆದು ಮುಗಿಸಿದನು. ಕಣ್ಣೆದುರಿನ ಸಾದೃಶ್ಯ ಅಡ್ಡಿಯಾದಲ್ಲಿ ನೆನಪು ಕೆಲಸಕ್ಕೆ ಬಂದಿತು. ಆದರೆ ಆ ನೆನಪಿನ ಹಿಂದೆ ಅಷ್ಟೊಂದು ದಿನಗಳ ಒಡನಾಟವಿತ್ತೆಂಬುದನ್ನು ಮರೆಯಲಾಗದು.

ಒಡನಾಟವೇ ಇಲ್ಲದಿದ್ದರೆ? 2018ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜು ಸಂಸ್ಥೆಯಲ್ಲಿ ‘ಎಡ್ಮಂಡ್ ದ ಬೆಲಮಿ’ ಎಂಬ ಭಾವಚಿತ್ರವು 4,32,500 ಡಾಲರಿಗೆ ಮಾರಾಟವಾಯಿತು. ನಿರೀಕ್ಷಿಸಿದ್ದುದು 7,000ದಿಂದ 10,000 ಡಾಲರು ಮಾತ್ರ. ಕಪ್ಪು ಕೋಟು, ಬಿಳಿಯ ಕಾಲರು, ಮಸುಕಾದ ಮುಖ. ಅಂತಹ ಮನುಷ್ಯ ಎಂದೂ ಇರಲಿಲ್ಲ. ಪ್ಯಾರಿಸಿನ ‘ಆಬ್ವಿಯಸ್’ ತಂಡವು 14ರಿಂದ 20ನೆಯ ಶತಮಾನದವರೆಗಿನ 15,000 ಭಾವಚಿತ್ರಗಳನ್ನು ಕಂಪ್ಯೂಟರಿಗೆ ಉಣಿಸಿ ಇದನ್ನು ಪಡೆದಿತ್ತು. ಬಳಸಿದ ಕ್ರಮವಿಧಿಯಲ್ಲಿ ರಾಬಿ ಬರಾಟ್ ಎಂಬ ತರುಣ ಮುಕ್ತವಾಗಿ ಹಂಚಿದ್ದ ಪಾಲೂ ಇದ್ದಿತು. ಶ್ರೇಯಸ್ಸು ಯಾರಿಗೆಂಬ ವಾದ ಅಂದೇ ಎದ್ದಿತು.

ಈ ವಿಧಾನದಲ್ಲಿ ಎರಡು ಅಂಗಗಳಿವೆ. ಒಂದು ಚಿತ್ರವನ್ನು ಹುಟ್ಟಿಸುತ್ತದೆ; ಇನ್ನೊಂದು ಅದು ಮನುಷ್ಯರು ಬರೆದ ಚಿತ್ರಗಳ ಹಾಗಿದೆಯೆ ಎಂದು ಪರೀಕ್ಷಿಸುತ್ತದೆ. ಪರೀಕ್ಷಕನು ಮೋಸಹೋಗುವವರೆಗೆ ಅಭ್ಯಾಸ ನಡೆಯುತ್ತದೆ. ಎಂದರೆ ಯಂತ್ರಕ್ಕೆ ಗೊತ್ತಿರುವುದು ಸಾದೃಶ್ಯವೊಂದೇ, ಅದೂ ವ್ಯಕ್ತಿಯೊಡನೆಯಲ್ಲ, ಇತರ ಚಿತ್ರಗಳೊಡನೆ. ಎದುರಿಗೆ ಯಾರೂ ನಿಲ್ಲದ ಕನ್ನಡಿಯಿದು.

ಹಾಗೆಂದು ಇದನ್ನು ತಳ್ಳಿಹಾಕುವುದು ಸುಲಭವಲ್ಲ. ಸೋಮೇಶ್ವರನ ಲಕ್ಷಣವು ಬರೆದವನ ಮನಸ್ಸನ್ನು ಕೇಳುವುದಿಲ್ಲ. ನೋಡಿದವನಿಗೆ ರಸ ತಿಳಿಯಿತೆ ಎಂದಷ್ಟೇ ಕೇಳುತ್ತದೆ. ಬೆಲಮಿಯ ಕದಡಿದ ಮುಖದಲ್ಲಿ ವಿಷಾದವನ್ನು ಕಂಡ ನೋಡುಗನಿದ್ದರೆ ಅವನ ಮಟ್ಟಿಗೆ ಅದೂ ಭಾವಚಿತ್ರವೇ. ಆ ಭಾವ ಯಾರದು ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ. ಕಲಾವಿದನು ಸಹಿ ಹಾಕುವ ಮೂಲೆಯಲ್ಲಿ ಹೆಸರಿನ ಬದಲು ಗಣಿತದ ಸೂತ್ರವೊಂದನ್ನು ಅಚ್ಚುಹಾಕಲಾಗಿದೆ.