ವೈದ್ಯಕೀಯ ಪ್ರವೇಶ ಪರೀಕ್ಷೆ ಮತ್ತು ಭೌತಶಾಸ್ತ್ರದ ಪುನರ್ಮನನ

ವೈದ್ಯನಾಗಬಯಸುವ ವಿದ್ಯಾರ್ಥಿಗೆ ಭೌತಶಾಸ್ತ್ರವೇಕೆ ಎಂಬ ಪ್ರಶ್ನೆ ಆಗಾಗ ಕೇಳಿಬರುವುದುಂಟು. ರಕ್ತದೊತ್ತಡ 120 ಮಿಲಿಮೀಟರ್ ಪಾದರಸವೆಂದು ವೈದ್ಯರು ಬರೆದಾಗ ಅದು ದ್ರವಸ್ತಂಭದ ಒತ್ತಡದ ಲೆಕ್ಕವೇ ಆಗಿದೆ. ಪಾದರಸದ ಸಾಂದ್ರತೆ, ಗುರುತ್ವ ವೇಗೋತ್ಕರ್ಷ, ಸ್ತಂಭದ ಎತ್ತರ, ಈ ಮೂರನ್ನು ಗುಣಿಸಿದರೆ ಸುಮಾರು 16,000 ಪ್ಯಾಸ್ಕಲ್ ಎಂಬ ಉತ್ತರ ದೊರೆಯುತ್ತದೆ. ಕಣ್ಣಿನ ದೋಷಕ್ಕೆ ಕೊಡುವ ಕನ್ನಡಕ ಮಸೂರ ಸೂತ್ರದ ಫಲ. 1895ರಲ್ಲಿ ರಾಂಟ್‌ಜನ್ ಕಂಡುಹಿಡಿದ ಕ್ಷ-ಕಿರಣವಾದರೋ ಭೌತಶಾಸ್ತ್ರಜ್ಞನೊಬ್ಬ ವೈದ್ಯಲೋಕಕ್ಕಿತ್ತ ಕೊಡುಗೆ. ಆದುದರಿಂದ ಈ ಶಾಸ್ತ್ರ ವೈದ್ಯಕೀಯದ ಹೊಸ್ತಿಲಲ್ಲಿರುವ ಅಡ್ಡಗೋಡೆಯಲ್ಲ, ಅದರ ಬುನಾದಿಯ ಒಂದು ಕಲ್ಲು.

ರಾಷ್ಟ್ರೀಯ ಅರ್ಹತಾ ಮತ್ತು ಪ್ರವೇಶ ಪರೀಕ್ಷೆಯ, ಅಂದರೆ ನೀಟ್‌ನ, 2025ರ ವಿನ್ಯಾಸದಂತೆ 180 ನಿಮಿಷಗಳಲ್ಲಿ 180 ಪ್ರಶ್ನೆಗಳಿಗೆ ಉತ್ತರಿಸಬೇಕಾಗಿತ್ತು. ಜೀವಶಾಸ್ತ್ರಕ್ಕೆ 90, ರಸಾಯನಶಾಸ್ತ್ರಕ್ಕೆ 45, ಭೌತಶಾಸ್ತ್ರಕ್ಕೆ 45 ಪ್ರಶ್ನೆಗಳು. ಸರಿಯುತ್ತರಕ್ಕೆ 4 ಅಂಕ. ತಪ್ಪಿಗೆ 1 ಅಂಕದ ಕಡಿತ. ಒಟ್ಟು 720 ಅಂಕಗಳಲ್ಲಿ ಭೌತಶಾಸ್ತ್ರದ ಪಾಲು 180, ಅಂದರೆ ಕಾಲು ಭಾಗ. ಜೀವಶಾಸ್ತ್ರವನ್ನು ಹಗಲಿರುಳು ಓದಿ, ಭೌತಶಾಸ್ತ್ರವನ್ನು ಕೊನೆಗೆ ನೋಡಿಕೊಂಡರಾಯಿತೆಂದು ಬದಿಗಿರಿಸಿದ ಜಾಣ ವಿದ್ಯಾರ್ಥಿಗಳು ನಿರಾಶರಾಗುವುದು ಈ ಕಾಲು ಭಾಗದಲ್ಲಿಯೇ. ಅವರಲ್ಲಿ ಕೊರತೆಯಾಗಿರುವುದು ಬಹುಮಟ್ಟಿಗೆ ಬುದ್ಧಿಯಲ್ಲ, ಕ್ರಮಬದ್ಧವಾದ ಪುನರ್ಮನನ.

ಪುನರ್ಮನನವೆಂದರೆ ಪಾಠವನ್ನು ಮತ್ತೊಮ್ಮೆ ಓದುವುದು ಎಂಬುದೊಂದು ತಪ್ಪು ಕಲ್ಪನೆ. ಓದಿದ ಪುಟವನ್ನೇ ಮತ್ತೆ ಓದಿದಾಗ ಅದು ಪರಿಚಿತವೆನಿಸುತ್ತದೆ. ಪರಿಚಯವನ್ನೇ ವಿದ್ಯಾರ್ಥಿ ಜ್ಞಾನವೆಂದು ಭ್ರಮಿಸುತ್ತಾನೆ. ನಮ್ಮ ಹಿರಿಯರು ಶ್ರವಣ, ಮನನ, ನಿದಿಧ್ಯಾಸನಗಳನ್ನು ಬೇರೆಬೇರೆಯಾಗಿಯೇ ಹೇಳಿದ್ದರಲ್ಲಿ ಅರ್ಥವಿದೆ. ಪುಸ್ತಕವನ್ನು ಮುಚ್ಚಿಟ್ಟು, ಬರಿಯ ಹಾಳೆಯ ಮೇಲೆ ಅಧ್ಯಾಯದ ಸೂತ್ರಗಳನ್ನೂ, ಪ್ರತಿ ಸೂತ್ರ ಯಾವ ನಿಬಂಧನೆಯಲ್ಲಿ ಸಲ್ಲುತ್ತದೆಂಬುದನ್ನೂ ಬರೆದು, ಅನಂತರ ತೆರೆದು ತಾಳೆನೋಡುವುದೇ ನಿಜವಾದ ಮನನ. ಕಲಿತದ್ದು ಕಾಲಕ್ರಮೇಣ ಹೇಗೆ ಮರೆಯುತ್ತದೆಂಬುದನ್ನು ಜರ್ಮನಿಯ ಎಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗಿಸಿ 1885ರಲ್ಲಿ ಪ್ರಕಟಿಸಿದನು. ಮರೆವು ಮೊದಲಲ್ಲಿ ತೀವ್ರವಾಗಿದ್ದು ಅನಂತರ ನಿಧಾನವಾಗುತ್ತದೆ. ಆದಕಾರಣ ಮೊದಲ ಮನನ ಮರುದಿನವೇ ಆಗಬೇಕು. ಬಳಿಕ ವಾರಕ್ಕೊಮ್ಮೆ, ಅನಂತರ ತಿಂಗಳಿಗೊಮ್ಮೆ ಆದರೂ ಸಾಕು.

ಎರಡನೆಯದಾಗಿ, ಬಿಡಿ ಸೂತ್ರಗಳಿಗಿಂತ ಮೂಲತತ್ತ್ವಗಳನ್ನು ಹಿಡಿಯುವುದು ಮೇಲು. 20 ಮೀಟರ್ ಎತ್ತರದಿಂದ ನೇರವಾಗಿ ಬಿದ್ದ ಕಲ್ಲು, ಅದೇ ಎತ್ತರದ ನುಣುಪಾದ ಇಳಿಜಾರಿನಲ್ಲಿ ಜಾರಿದ ದಿಮ್ಮಿ, ಇವೆರಡೂ ನಿಶ್ಚಲ ಸ್ಥಿತಿಯಿಂದ ಹೊರಟು ನೆಲ ಮುಟ್ಟುವಾಗ ಜವ ಒಂದೇ. ಗುರುತ್ವ ವೇಗೋತ್ಕರ್ಷವನ್ನು 10 ಎಂದಿಟ್ಟುಕೊಂಡರೆ ಅದು ಸೆಕೆಂಡಿಗೆ 20 ಮೀಟರ್. ಶಕ್ತಿ ಸಂರಕ್ಷಣೆಯ ಒಂದೇ ತತ್ತ್ವ ಎರಡು ಲೆಕ್ಕಗಳನ್ನೂ ಬಿಡಿಸುತ್ತದೆ. ಹಾಗೆಯೇ ಸರಳ ಲೋಲಕದ ಆಂದೋಲನಾವಧಿ ಉದ್ದದ ವರ್ಗಮೂಲದಂತೆ ಬದಲಾಗುತ್ತದೆಂದು ಬಲ್ಲವನಿಗೆ, ಉದ್ದ ನಾಲ್ಕುಪಟ್ಟಾದರೆ ಅವಧಿ ಎರಡುಪಟ್ಟೆಂದು ಹೇಳಲು ಕಾಗದವೇ ಬೇಡ. ಅನುಪಾತದಿಂದ ಬಿಡಿಸಬಹುದಾದುದನ್ನು ದೀರ್ಘ ಗುಣಾಕಾರದಿಂದ ಬಿಡಿಸಹೊರಟರೆ ಕಾಲಹರಣವಾಗುವುದು. ಪರೀಕ್ಷಾ ಕೊಠಡಿಯಲ್ಲಿ ಗಣಕಯಂತ್ರಕ್ಕೆ ಅವಕಾಶವಿಲ್ಲದ ಕಾರಣ, ವರ್ಗಮೂಲ, ಭಿನ್ನರಾಶಿ, ಹತ್ತರ ಘಾತಗಳ ಲೆಕ್ಕ ಮನೆಯಲ್ಲಿಯೂ ಕೈಯಿಂದಲೇ ಆಗಬೇಕು.

ಮೂರನೆಯ ಸಾಧನ ತಪ್ಪುಗಳ ಪುಸ್ತಕ. 20 ಸೆಂಟಿಮೀಟರ್ ಸಂಗಮದೂರದ ಪೀನ ಮಸೂರದ ಮುಂದೆ 30 ಸೆಂಟಿಮೀಟರ್ ದೂರದಲ್ಲಿ ವಸ್ತುವಿದ್ದರೆ ಪ್ರತಿಬಿಂಬ ಮೂಡುವುದು 60 ಸೆಂಟಿಮೀಟರ್ ದೂರದಲ್ಲಿ. ವಸ್ತುದೂರಕ್ಕೆ ಋಣಚಿಹ್ನೆ ಹಾಕಲು ಮರೆತವನಿಗೆ 12 ಎಂಬ ಉತ್ತರ ಬರುತ್ತದೆ. ಇಂಥ ಪರೀಕ್ಷೆಗಳಲ್ಲಿ ಆ 12 ಕೂಡ ನಾಲ್ಕು ಆಯ್ಕೆಗಳಲ್ಲೊಂದಾಗಿ ಕಾದು ಕುಳಿತಿರಬಹುದು. ಆದುದರಿಂದ ಪ್ರತಿ ತಪ್ಪಿನ ಎದುರಿಗೆ ಅದರ ಕಾರಣವನ್ನೂ ಬರೆಯತಕ್ಕದ್ದು: ತತ್ತ್ವ ತಿಳಿಯಲಿಲ್ಲವೇ, ಚಿಹ್ನೆ ತಪ್ಪಿತೇ, ಏಕಮಾನ ಬದಲಾಯಿತೇ, ಪ್ರಶ್ನೆಯನ್ನೇ ಅವಸರದಲ್ಲಿ ಓದಲಾಯಿತೇ? ತಿಂಗಳೊಳಗೆ ಆ ಪುಸ್ತಕ ವಿದ್ಯಾರ್ಥಿಯ ದೌರ್ಬಲ್ಯವನ್ನು ಕನ್ನಡಿಯಂತೆ ತೋರಿಸುತ್ತದೆ. ಕೊನೆಯ ವಾರದಲ್ಲಿ ಹೊಸ ಗ್ರಂಥಗಳನ್ನು ತೆರೆಯುವುದಕ್ಕಿಂತ ಇದನ್ನು ತಿರುವಿಹಾಕುವುದು ಹೆಚ್ಚು ಫಲಪ್ರದ.

ಗ್ರಾಮಾಂತರದ ಮಕ್ಕಳಿಗೆ ಇನ್ನೊಂದು ತೊಡಕುಂಟು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಪದವಿಪೂರ್ವಕ್ಕೆ ಬಂದೊಡನೆ ಇಂಗ್ಲಿಷಿಗೆ ಹೊರಳುವವರು, ತತ್ತ್ವ ತಿಳಿದಿದ್ದರೂ ಶಬ್ದಕ್ಕೆ ಅಂಜುತ್ತಾರೆ. ಸಂವೇಗವೇ ಮೊಮೆಂಟಮ್, ವೇಗೋತ್ಕರ್ಷವೇ ಆ್ಯಕ್ಸಿಲರೇಷನ್ ಎಂಬ ಜೋಡಿಪಟ್ಟಿಯನ್ನು ಪ್ರತಿ ಅಧ್ಯಾಯಕ್ಕೂ ಮಾಡಿಕೊಂಡರೆ ಆ ಅಂಜಿಕೆ ಕರಗುವುದು. 2017ರಿಂದ ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ದೊರೆಯುತ್ತಿದೆ. ಆದರೆ ಅನುವಾದದಲ್ಲಿ ಸಂದೇಹ ಬಂದಾಗ ಇಂಗ್ಲಿಷ್ ಪಾಠವೇ ಅಂತಿಮವೆಂಬ ನಿಯಮವಿರುವುದರಿಂದ ಎರಡೂ ಶಬ್ದಗಳ ಪರಿಚಯ ಅವಶ್ಯಕ.

ಇಲ್ಲಿ ಶಾಲೆಯ ಹೊಣೆಯೂ ಇದೆ. 2024ರಿಂದ ಜಾರಿಗೆ ಬಂದ ಪಠ್ಯಕ್ರಮದ 20 ಘಟಕಗಳಲ್ಲಿ ಕೊನೆಯದು ಪ್ರಯೋಗ ಕೌಶಲಕ್ಕೆ ಮೀಸಲು. ವರ್ನಿಯರ್ ಕ್ಯಾಲಿಪರ್ಸ್, ಸ್ಕ್ರೂ ಗೇಜ್, ಲೋಲಕಗಳನ್ನು ಕೈಯಲ್ಲಿ ಹಿಡಿದು ಅಳೆದ ಮಗುವಿಗೆ ಆ ಪ್ರಶ್ನೆಗಳು ಕಂಠಪಾಠದ ಹೊರೆಯಾಗಲಾರವು. ದಾನಿಗಳು ಪ್ರೀತಿಯಿಂದ ಕೊಟ್ಟ ಉಪಕರಣ ಬೀರುವಿನಲ್ಲಿ ಹೊಳೆಯುತ್ತಿದ್ದರೆ ದಾನ ಅರ್ಧ ಮಾತ್ರ ಸಂದಂತೆ. ಮಕ್ಕಳ ಕೈಯಲ್ಲಿ ಸವೆದಾಗಲೇ ಅದು ಪೂರ್ಣ. ಅಧ್ಯಾಪಕರು ವಾರಕ್ಕೊಮ್ಮೆ 45 ಪ್ರಶ್ನೆಗಳ ಕಿರುಪರೀಕ್ಷೆಯಿಟ್ಟು, ಅಂಕಪಟ್ಟಿ ಪ್ರಕಟಿಸಿ ಸುಮ್ಮನಾಗದೆ, ಮರುದಿನ ತಪ್ಪುಗಳನ್ನೇ ಪಾಠವಾಗಿ ಮಾಡಬೇಕು. ವೈದ್ಯಕೀಯ ಓದುತ್ತಿರುವ ಹಳೆಯ ವಿದ್ಯಾರ್ಥಿಗಳು ರಜೆಯಲ್ಲಿ ಬಂದಾಗ ಒಂದು ಸಂಜೆ ಕಿರಿಯರೊಡನೆ ಕುಳಿತು ಲೆಕ್ಕ ಬಿಡಿಸಿದರೆ ಅದೂ ಜ್ಞಾನದಾಸೋಹವೇ.

ಸೀಟುಗಳು ಮಿತ, ಆಕಾಂಕ್ಷಿಗಳು ಅಪಾರ. ಎಷ್ಟೇ ಶ್ರಮಿಸಿದರೂ ಎಲ್ಲರಿಗೂ ಪ್ರವೇಶ ದೊರೆಯದು. ಆದರೆ ತನ್ನ ತಪ್ಪನ್ನು ತಾನೇ ಹುಡುಕಿ, ಕಾರಣ ಬರೆದು, ತಿದ್ದಿಕೊಳ್ಳುವ ಅಭ್ಯಾಸ ಯಾವ ಫಲಿತಾಂಶದಿಂದಲೂ ಕಳೆದುಹೋಗುವಂಥದಲ್ಲ. ಮುಂದೆ ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಲ್ಲುವವನಿಗೆ ಬೇಕಾಗುವುದೂ ಅದೇ. ಓದನ್ನು ಹೀಗೆ ಕಾಯಕವಾಗಿ ಕೈಗೊಂಡ ವಿದ್ಯಾರ್ಥಿಗೆ ಭೌತಶಾಸ್ತ್ರ ಭಯದ ವಿಷಯವಾಗಿ ಉಳಿಯದು.